ಡಿಜಿಟಲ್ ವಾಕಿಟಾಕಿ: ತಪ್ಪು ಕಲ್ಪನೆ ಮತ್ತು ಸತ್ಯ

ವಾಕಿಟಾಕಿ ಡಿಜಿಟಲ್ ಆದಾಗ ಬದಲಾಗುವುದು ದನಿಯನ್ನು ರೇಡಿಯೊ ಅಲೆಯ ಮೇಲೆ ಹೇರುವ ವಿಧಾನವೇ ಹೊರತು ಅಲೆಯ ಸ್ವಭಾವವಲ್ಲ. ಹೊಸಬರಲ್ಲಿ ಬೇರೂರಿರುವ ತಪ್ಪು ಕಲ್ಪನೆಗಳಲ್ಲಿ ಹಲವು ಈ ಎರಡನ್ನೂ ಒಂದೇ ಎಂದು ಭಾವಿಸಿದ್ದರಿಂದ ಹುಟ್ಟಿದವು.

ಡಿಜಿಟಲ್ ಆದ ಮಾತ್ರಕ್ಕೆ ರೇಡಿಯೊ ಹೆಚ್ಚು ದೂರ ತಲುಪುತ್ತದೆ ಎಂಬುದು ಇವುಗಳಲ್ಲಿ ಅತಿ ವ್ಯಾಪಕವಾದುದು. ಈ ಉಪಕರಣಗಳು ಬಳಸುವ ವಿಎಚ್‌ಎಫ್ ಮತ್ತು ಯುಎಚ್‌ಎಫ್ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುದರಿಂದ, ಅವುಗಳ ವ್ಯಾಪ್ತಿಯನ್ನು ನಿರ್ಧರಿಸುವಲ್ಲಿ ಆಂಟೆನಾದ ಎತ್ತರಕ್ಕೂ ನಡುವಣ ಗುಡ್ಡ, ಕಟ್ಟಡಗಳಿಗೂ ಇರುವ ಪಾತ್ರ ಬೇರಾವುದಕ್ಕೂ ಇಲ್ಲ. ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ರೇಡಿಯೊ ಹಿಡಿದು ನಿಂತವನಿಗೆ ಇದು ಸುಮಾರು 5 ಕಿ.ಮೀ.; ಅಂತಹ ಇಬ್ಬರ ನಡುವೆ, ಅಡೆತಡೆಯೇ ಇಲ್ಲದ ಬಯಲಿನಲ್ಲಿ, ಹೆಚ್ಚೆಂದರೆ 10 ಕಿ.ಮೀ. ಅದೇ ರೇಡಿಯೊ 100 ಮೀಟರ್ ಎತ್ತರದ ಗುಡ್ಡದ ಮೇಲಿನ ರಿಪೀಟರನ್ನು, ಅಂದರೆ ಬಂದ ಸಂಕೇತವನ್ನು ಹಿಡಿದು ಮರುಪ್ರಸಾರ ಮಾಡುವ ಕೇಂದ್ರವನ್ನು, ಸುಮಾರು 46 ಕಿ.ಮೀ. ದೂರದಿಂದ ಮುಟ್ಟಬಲ್ಲದು. ಪೆಟ್ಟಿಗೆಯ ಮೇಲೆ ಅಚ್ಚಾಗುವ ಭಾರಿ ದೂರಗಳು ಸಾಮಾನ್ಯವಾಗಿ ಬೆಟ್ಟದ ತುದಿಯ ಲೆಕ್ಕ, ಬೀದಿಯ ಲೆಕ್ಕವಲ್ಲ. ಡಿಜಿಟಲ್ ವಿಧಾನದ ಲಾಭವಿರುವುದು ಸ್ಪಷ್ಟತೆಯಲ್ಲಿ: ಹಳೆಯ ಅನಲಾಗ್ ವಿಧಾನವಾದ ಎಫ್‌ಎಂನ ದನಿಯು ದೂರ ಹೋದಂತೆ ಸುಯ್ಯೆಂಬ ಸದ್ದಿನಲ್ಲಿ ಮೆಲ್ಲನೆ ಮುಳುಗಿದರೆ, ಡಿಜಿಟಲ್ ದನಿಯು ದೋಷ ತಿದ್ದುವ ಗಣಿತದ ಬಲದಿಂದ ಗಡಿಯವರೆಗೂ ಸ್ವಚ್ಛವಾಗಿದ್ದು, ಅಲ್ಲಿ ಒಮ್ಮೆಲೇ ಚೂರುಚೂರಾಗಿ ನಿಂತುಹೋಗುತ್ತದೆ.

ಡಿಜಿಟಲ್ ರೇಡಿಯೊಗಳೆಲ್ಲ ಪರಸ್ಪರ ಮಾತನಾಡಬಲ್ಲವು ಎಂಬ ಎರಡನೆಯ ನಂಬಿಕೆ ಕೊಳ್ಳುವವರ ಕೈ ಸುಡುವಂಥದ್ದು. ಮಾನಕ ಎಂಬುದು ದನಿಯನ್ನು ಅಂಕಿಗಳಾಗಿ ಕುಗ್ಗಿಸಿ, ಕಟ್ಟಿ, ಕಳುಹಿಸುವ ಕ್ರಮದ ಒಪ್ಪಂದ. ಇಂತಹ ಒಪ್ಪಂದಗಳು ಹಲವಿವೆ. ಯುರೋಪಿನ ದೂರಸಂಪರ್ಕ ಮಾನಕ ಸಂಸ್ಥೆಯಾದ ಎಟ್ಸಿ 2005ರಲ್ಲಿ ಪ್ರಕಟಿಸಿದ ಡಿಎಂಆರ್, ಜಪಾನಿನ ಹವ್ಯಾಸಿ ರೇಡಿಯೊ ಸಂಘ ರೂಪಿಸಿದ ಡಿ-ಸ್ಟಾರ್, ಯೇಸು ಕಂಪನಿಯ ಸಿಸ್ಟಂ ಫ್ಯೂಷನ್, ಅಮೆರಿಕದ ಪೊಲೀಸ್ ಮತ್ತು ಅಗ್ನಿಶಾಮಕ ಸೇವೆಗಳ ಪಿ25 ಇವೆಲ್ಲವೂ ಒಂದನ್ನೊಂದು ನೇರವಾಗಿ ಅರಿಯಲಾರವು. ಬಹುತೇಕ ಎಲ್ಲ ಉಪಕರಣಗಳಲ್ಲಿ ಹಳೆಯ ಎಫ್‌ಎಂ ಕೂಡ ಇರುವುದರಿಂದ, ವಿಚಿತ್ರವೆನಿಸಿದರೂ, ಭಿನ್ನ ಮಾನಕದವರ ನಡುವಿನ ಸಮಾನ ಭಾಷೆ ಇಂದಿಗೂ ಅದೇ.

ಇಬ್ಬರ ಬಳಿಯೂ ಡಿಎಂಆರ್ ಇದ್ದರೆ ಸಾಕು ಎಂಬುದೂ ಅರ್ಧಸತ್ಯ. ಫ್ರೀಕ್ವೆನ್ಸಿ ಎಂದು ಕರೆಯಲಾಗುವ ಆವೃತ್ತಿಯೊಂದಿಗೆ, 0ರಿಂದ 15ರವರೆಗಿನ ಕಲರ್ ಕೋಡ್, ಟಾಕ್‌ಗ್ರೂಪ್ ಎಂಬ ಗುಂಪಿನ ಸಂಖ್ಯೆ ಮತ್ತು ರಿಪೀಟರ್ ಮೂಲಕ ಮಾತನಾಡುವಾಗ ಟೈಮ್‌ಸ್ಲಾಟ್ ಇವೂ ಹೊಂದಬೇಕು. ಟೈಮ್‌ಸ್ಲಾಟ್ ಎಂದರೆ ಕಾಲದ ಪಾಲು. ಡಿಎಂಆರ್‌ನಲ್ಲಿ 12.5 ಕಿಲೋಹರ್ಟ್ಸ್ ಅಗಲದ ಒಂದೇ ಚಾನಲ್ಲನ್ನು ತಲಾ 30 ಮಿಲಿಸೆಕೆಂಡಿನ ಎರಡು ಸರದಿಗಳಾಗಿ ಹಂಚಲಾಗುತ್ತದೆ. ಬಳಕೆದಾರನು ಗುಂಡಿ ಒತ್ತಿ ಮಾತನಾಡುವಾಗ ವೋಕೋಡರ್ ಎಂಬ ದನಿಸಂಕೋಚಕವು ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಅಂತಹ ಮೂರು ತುಣುಕುಗಳನ್ನು ಒಂದು ಸರದಿಯೊಳಗೆ ತುಂಬಿ ಕಳುಹಿಸಿದ ಮೇಲೆ ಪ್ರಸಾರಕವು ಮುಂದಿನ ಸರದಿಯಲ್ಲಿ ಸುಮ್ಮನಿದ್ದು, ಆ ಬಿಡುವನ್ನು ಬೇರೊಂದು ಸಂಭಾಷಣೆಗೆ ಬಿಟ್ಟುಕೊಡುತ್ತದೆ. ಹೀಗೆ ಒಂದೇ ರಿಪೀಟರಿನಲ್ಲಿ ಎರಡು ಸಂಭಾಷಣೆಗಳು ನಡೆಯಬಲ್ಲವಾದರೂ, ಒಂದು ಸಂಭಾಷಣೆಯ ಇಬ್ಬರೂ ದೂರವಾಣಿಯಲ್ಲಿದ್ದಂತೆ ಏಕಕಾಲಕ್ಕೆ ಮಾತನಾಡುವುದು ಸಾಮಾನ್ಯ ಡಿಎಂಆರ್ ರೇಡಿಯೊದಲ್ಲಿ ಸಾಧ್ಯವಿಲ್ಲ.

ಡಿಜಿಟಲ್ ಮಾತು ಗುಟ್ಟಾಗಿರುತ್ತದೆ ಎಂಬುದು ಅಪಾಯಕಾರಿ ಭ್ರಮೆ. ಅಂಕಿಗಳಾಗಿ ಬದಲಿಸುವುದು ಬೇರೆ, ಬೀಗ ಹಾಕುವುದು ಬೇರೆ. ಹಳೆಯ ಎಫ್‌ಎಂ ರೇಡಿಯೊಗೆ ಗರಗರ ಸದ್ದಾಗಿ ಕೇಳುವ ಡಿಎಂಆರ್ ಪ್ರಸಾರವನ್ನು ಇನ್ನೊಂದು ಡಿಎಂಆರ್ ರೇಡಿಯೊ ಸಲೀಸಾಗಿ ಕೇಳಬಲ್ಲದು. ಕಲರ್ ಕೋಡ್ ಬೇಡದ ದನಿಯನ್ನು ಸೋಸುವ ಜರಡಿಯೇ ಹೊರತು ಕೀಲಿಯಲ್ಲ. ನಿಜವಾದ ಗೂಢಲಿಪೀಕರಣವನ್ನು ಪ್ರತ್ಯೇಕವಾಗಿ ಅಳವಡಿಸಬೇಕಾಗುತ್ತದೆ, ಮತ್ತು ಹವ್ಯಾಸಿ ರೇಡಿಯೊದಲ್ಲಿ ಮಾತಿನ ಅರ್ಥವನ್ನು ಮರೆಮಾಚುವುದಕ್ಕೆ ಅವಕಾಶವಿಲ್ಲ.

ಪುಟ್ಟ ರೇಡಿಯೊದಿಂದ ಖಂಡಾಂತರದವರೊಡನೆ ಮಾತನಾಡುವ ದೃಶ್ಯಗಳನ್ನು ಕಂಡವರು ಅದನ್ನು ಆಂಟೆನಾದ ಮಹಿಮೆ ಎಂದೆಣಿಸುತ್ತಾರೆ. ಅಲ್ಲಿ ಅಲೆ ಸಾಗುವುದು ರೇಡಿಯೊವನ್ನು ಇಂಟರ್‌ನೆಟ್ಟಿಗೆ ಜೋಡಿಸುವ, ಮೇಜಿನ ಮೇಲಿನ ಹಾಟ್‌ಸ್ಪಾಟ್ ಅಥವಾ ಸಮೀಪದ ರಿಪೀಟರಿನವರೆಗೆ ಮಾತ್ರ; ಉಳಿದ ದಾರಿಯೆಲ್ಲ ಇಂಟರ್‌ನೆಟ್ಟಿನದು. ಇಂಟರ್‌ನೆಟ್ ಕಡಿದಾಗ ಆ ಖಂಡಾಂತರ ಸಂಪರ್ಕವೂ ಕಡಿಯುತ್ತದೆ ಎಂಬುದನ್ನು, ವಿಪತ್ತಿನ ಕಾಲಕ್ಕೆಂದು ರೇಡಿಯೊ ಕೊಳ್ಳುವವರು ಮುಖ್ಯವಾಗಿ ಗಮನಿಸಬೇಕು.

ಅಂಗಡಿಯಲ್ಲಿ ಸಿಗುವುದೆಲ್ಲ ಬಳಕೆಗೆ ಮುಕ್ತ ಎಂಬ ಕಲ್ಪನೆಯಂತೂ ಕಾನೂನಿನ ತೊಡಕಿಗೇ ದಾರಿ. ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ಪಟ್ಟಿಯಲ್ಲಷ್ಟೇ ಕೆಲಸ ಮಾಡುವ ಕಡಿಮೆ ಶಕ್ತಿಯ ಕೈರೇಡಿಯೊಗಳಿಗೆ 2018ರ ನಿಯಮಗಳು ಪರವಾನಗಿಯಿಂದ ವಿನಾಯಿತಿ ನೀಡಿವೆ. ಆದರೆ ಆ ಉಪಕರಣಕ್ಕೂ ಇಟಿಎ ಎಂಬ ಮಾದರಿ ಅನುಮೋದನೆ ಬೇಕು. 144ರಿಂದ 146 ಮೆಗಾಹರ್ಟ್ಸ್‌ನಂತಹ ಹವ್ಯಾಸಿ ಪಟ್ಟಿಗಳಲ್ಲಿ ಪ್ರಸಾರ ಮಾಡಲು ಪರೀಕ್ಷೆ ಬರೆದು, ಕೇಂದ್ರ ದೂರಸಂಪರ್ಕ ಇಲಾಖೆಯಿಂದ ಪರವಾನಗಿಯನ್ನೂ ಕರೆಸಂಕೇತವನ್ನೂ ಪಡೆಯಬೇಕು. ಆದ್ದರಿಂದ ಹೊಸಬರು ರೇಡಿಯೊ ಆರಿಸುವ ಮೊದಲು ತಮ್ಮ ಊರಿನ ರಿಪೀಟರ್ ಯಾವ ಮಾನಕದ್ದು, ತಮ್ಮ ಒಡನಾಡಿಗಳ ಬಳಿ ಯಾವುದಿದೆ ಎಂದು ವಿಚಾರಿಸುವುದು ಒಳ್ಳೆಯದು. ಸುತ್ತಲೂ ಎಫ್‌ಎಂ ಮಾತ್ರವೇ ಇರುವ ಊರಿನಲ್ಲಿ ಡಿಜಿಟಲ್‌ಗೆಂದು ತೆತ್ತ ಹೆಚ್ಚಿನ ಹಣ ವ್ಯರ್ಥ.