ಕ್ಲಾನ್‌ಗೆ ಸೇರುವ ಮುನ್ನ: ಹೊಸಬರಿಗೆ ನಮ್ಮ ನಿಯಮಗಳು



ಪ್ರಥಮ ಪಿಯುಸಿ ತರಗತಿಗಳು ಶುರುವಾದಾಗಿನಿಂದ ಮಧ್ಯಾಹ್ನದ ಬಿಡುವಿನಲ್ಲಿ ಹೊಸ ವಿದ್ಯಾರ್ಥಿಗಳು ನನ್ನ ಬಳಿ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಭಾಯ್, ನಿಮ್ಮ ಕ್ಲಾನ್‌ಗೆ ನಮ್ಮನ್ನೂ ಸೇರಿಸಿಕೊಳ್ತೀರಾ?” ಸೇರಿಸಿಕೊಳ್ಳುತ್ತೇವೆ. ಆದರೆ ನಮ್ಮದು ಸುಮ್ಮನೆ ಬಂದು ಹೋಗುವ ಗುಂಪಲ್ಲ, ಕೆಲವು ನಿಯಮಗಳಿವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಇಲ್ಲಿ ಬರೆದಿದ್ದೇನೆ. ಈ ಆಟ ಆಡದ ನಮ್ಮ ಅಧ್ಯಾಪಕರಿಗೂ ತಿಳಿಯಲಿ ಎಂದು ಮೊದಲಿನಿಂದಲೇ ಶುರು ಮಾಡುತ್ತೇನೆ.

ಆಟ ಯಾವುದು?

ನಾವು ಆಡುವುದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಎಲ್ಲರೂ ಬಿಜಿಎಂಐ ಎನ್ನುತ್ತಾರೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ಆಗ ನಾನು ಇನ್ನೂ ಚಿಕ್ಕ ಹುಡುಗ, ನಮ್ಮ ಬೀದಿಯ ದೊಡ್ಡ ಹುಡುಗರು ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ಓಡಾಡಿದ್ದು ನೆನಪಿದೆ. 2021ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ ಅದೇ ಆಟವನ್ನು ಭಾರತಕ್ಕಾಗಿ ಬದಲಿಸಿ ಬಿಜಿಎಂಐ ಎಂದು ಬಿಡುಗಡೆ ಮಾಡಿತು. 2022ರ ಜುಲೈನಲ್ಲಿ ಅದನ್ನೂ ಆ್ಯಪ್ ಸ್ಟೋರ್‌ಗಳಿಂದ ತೆಗೆಯಲಾಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು.

ಒಂದು ಪಂದ್ಯದಲ್ಲಿ ಸುಮಾರು 100 ಮಂದಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಒಂದು ದ್ವೀಪಕ್ಕೆ ಇಳಿಯುತ್ತಾರೆ. ಬರಿಗೈಯಲ್ಲಿ ಇಳಿದು, ಬಂದೂಕು, ಹೆಲ್ಮೆಟ್, ಔಷಧಿ ಎಲ್ಲವನ್ನೂ ಮನೆ ಮನೆ ಹೊಕ್ಕು ಹುಡುಕಬೇಕು. ಆಡುವ ಜಾಗದ ವೃತ್ತ ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಯವರೆಗೆ ಉಳಿದ ತಂಡ ಗೆದ್ದಂತೆ. ತಂಡ ಎಂದರೆ ನಾಲ್ವರ ಸ್ಕ್ವಾಡ್. ಅಂಥ ಹಲವು ಸ್ಕ್ವಾಡ್‌ಗಳು ಒಂದೇ ಹೆಸರಿನಡಿ ಸೇರಿದರೆ ಅದು ಕ್ಲಾನ್. ಪೂರ್ತಿ ಪಂದ್ಯಕ್ಕೆ ಅರ್ಧ ಗಂಟೆ ಬೇಕು.

ಒಂದು ಮಾತು ಮುಖ್ಯ. ಈ ಆಟವನ್ನು ನಡುವೆ ನಿಲ್ಲಿಸಿಡಲು ಆಗುವುದಿಲ್ಲ. ಸಿನಿಮಾ ಹಾಗೆ ತಡೆದಿಟ್ಟು ಬಂದು ಮುಂದುವರಿಸುವಂತಿಲ್ಲ. ನೀವು ಎದ್ದು ಹೋದರೆ ಉಳಿದ ಮೂವರು ಒಬ್ಬ ಕಡಿಮೆಯಾಗಿ ಆಡಬೇಕು. ನಮ್ಮ ಹೆಚ್ಚಿನ ನಿಯಮಗಳು ಹುಟ್ಟಿದ್ದು ಇದೊಂದೇ ಕಾರಣದಿಂದ.

ನಿಯಮ 1: ಮೊದಲ ಎರಡು ವಾರ ನೋಡುವುದು ಮಾತ್ರ

ನಮ್ಮ ಅಬ್ಬಾ ಚನ್ನಪಟ್ಟಣದಲ್ಲಿ ಆಟಿಕೆ ಮಾಡುವ ಕೆಲಸದವರು. ಅಲ್ಲಿ ಹೊಸದಾಗಿ ಸೇರಿದ ಹುಡುಗನ ಕೈಗೆ ಮೊದಲ ದಿನವೇ ಉಳಿ ಕೊಡುವುದಿಲ್ಲ. ಆಲೆ ಮರದ ತುಂಡು ತಿರುಗುವುದನ್ನು, ಉಸ್ತಾದ್ ಅದಕ್ಕೆ ಅರಗಿನ ಬಣ್ಣ ಹಿಡಿಯುವುದನ್ನು ನೋಡುತ್ತಾ ನಿಲ್ಲಬೇಕು, ಹೊಟ್ಟು ಗುಡಿಸಬೇಕು. ನಾವೂ ಹಾಗೆಯೇ ಮಾಡುತ್ತೇವೆ. ಹೊಸಬರು ಎರಡು ವಾರ ನಮ್ಮ ಪಂದ್ಯಗಳನ್ನು ನೋಡಬೇಕು. ಯಾರು ಎಲ್ಲಿ ಇಳಿಯುತ್ತಾರೆ, ಯಾರು ಗಾಡಿ ಓಡಿಸುತ್ತಾರೆ, ಬಿದ್ದವನನ್ನು ಎಬ್ಬಿಸಲು ಯಾರು ಹೋಗುತ್ತಾರೆ ಎಂಬುದು ಗೊತ್ತಾಗಬೇಕು. ಏಟು ತಿಂದು ಬಿದ್ದವನು ಕೂಡಲೇ ಸಾಯುವುದಿಲ್ಲ, ತೆವಳುತ್ತಿರುತ್ತಾನೆ. ಜೊತೆಗಾರ ಹತ್ತಿರ ಹೋಗಿ ಸುಮಾರು 10 ಸೆಕೆಂಡು ಕೂತರೆ ಎದ್ದು ನಿಲ್ಲುತ್ತಾನೆ. ಎಷ್ಟು ಮಂದಿಯನ್ನು ಹೊಡೆದಿರಿ ಎಂಬುದಕ್ಕಿಂತ ಎಷ್ಟು ಮಂದಿಯನ್ನು ಎಬ್ಬಿಸಿದಿರಿ ಎಂದು ನಾವು ಹೆಚ್ಚು ನೋಡುತ್ತೇವೆ.

ನಿಯಮ 2: ಮೈಕ್‌ನಲ್ಲಿ ಕನ್ನಡ, ಬೈಗುಳ ಇಲ್ಲ

ನಮ್ಮ ಮನೆಯಲ್ಲಿ ಮಾತಾಡುವುದು ಉರ್ದು. ಕ್ಲಾನ್‌ನಲ್ಲಿ ಅರ್ಧದಷ್ಟು ಮಂದಿ ಕನ್ನಡ ಮಾತಾಡುವ ಮನೆಗಳವರು. ಶುರುವಿನಲ್ಲಿ ನಾನು ಗಾಬರಿಯಲ್ಲಿ “ಪೀಛೇ, ಪೀಛೇ” ಎಂದು ಕೂಗಿದ್ದು ಅರ್ಥವಾಗದೆ ದೊಡ್ಡಮಳೂರಿನ ಗೆಳೆಯನೊಬ್ಬ ಮುಂದೆ ಓಡಿಹೋಗಿ ಬಿದ್ದ. ಆಮೇಲೆ ಎಲ್ಲರೂ ಸೇರಿ ತೀರ್ಮಾನಿಸಿದೆವು: ಎಡಕ್ಕೆ, ಬಲಕ್ಕೆ, ಹಿಂದೆ, ಮರದ ಪಕ್ಕ, ಮಹಡಿ ಮೇಲೆ. ಇಷ್ಟು ಮಾತು ಎಲ್ಲರೂ ಕನ್ನಡದಲ್ಲೇ ಹೇಳಬೇಕು. ನನ್ನ ಕನ್ನಡ ಸುಧಾರಿಸಿದ್ದರಲ್ಲಿ ಪಠ್ಯಪುಸ್ತಕದಷ್ಟೇ ಪಾಲು ಈ ಮೈಕ್‌ಗೂ ಇದೆ.

ಸೋತಾಗ ಬೈಯುವಂತಿಲ್ಲ. ತಾಯಿ, ತಂಗಿ, ಜಾತಿ, ಧರ್ಮ ಹಿಡಿದು ಒಂದು ಮಾತು ಬಂದರೂ ಆ ದಿನವೇ ಹೊರಗೆ. ನಮ್ಮಲ್ಲಿ ಇಬ್ಬರು ಹುಡುಗಿಯರೂ ಆಡುತ್ತಾರೆ. ಹೊರಗಿನವರ ಜೊತೆ ಆಡುವಾಗ ಅವರು ಮೈಕ್ ತೆರೆಯುವುದೇ ಇಲ್ಲ. ಹುಡುಗಿಯ ದನಿ ಕೇಳಿದ ಕೂಡಲೇ ನಂಬರ್ ಕೇಳುವವರು ಬಹಳ. ನಮ್ಮ ಕ್ಲಾನ್‌ನಲ್ಲಿ ಅವರು ನಿಶ್ಚಿಂತೆಯಿಂದ ಮಾತಾಡುತ್ತಾರೆ. ಅದು ಹಾಗೇ ಇರಬೇಕು.

ನಿಯಮ 3: ಪದವಿ ಪಂದ್ಯದೊಳಗೆ ಮಾತ್ರ

ಕೆಲವು ಕ್ಲಾನ್‌ಗಳಲ್ಲಿ ಮೇಜರ್, ಕರ್ನಲ್ ಎಂದೆಲ್ಲ ಹೆಸರಿಟ್ಟುಕೊಂಡು ಹೊಸಬರಿಂದ “ಯಸ್ ಸರ್” ಎನ್ನಿಸುತ್ತಾರೆ. ನಮ್ಮಲ್ಲಿ ಅದಿಲ್ಲ. ಪಂದ್ಯ ನಡೆಯುವಾಗ ಒಬ್ಬರು ಮುಂದಾಳು. ಅವರು ಇಳಿ ಎಂದಲ್ಲಿ ಇಳಿಯಬೇಕು, ವಾದ ಮಾಡಬಾರದು. ಪಂದ್ಯ ಮುಗಿದ ಮೇಲೆ ಅವರು ನಿಮ್ಮಂತೆಯೇ ಒಬ್ಬ ವಿದ್ಯಾರ್ಥಿ. ನಿಜವಾದ ಶಿಸ್ತು, ಪದವಿ ಬೇಕೆಂದರೆ 1948ರಲ್ಲಿ ಆರಂಭವಾದ ಎನ್‌ಸಿಸಿ ಇದೆ. ‘ಏಕತೆ ಮತ್ತು ಶಿಸ್ತು’ ಎಂಬುದು ಅದರ ಧ್ಯೇಯವಾಕ್ಯ. ಅಲ್ಲಿ ಪದವಿ ಬರಬೇಕಾದರೆ ಬೆಳಿಗ್ಗೆ ಎದ್ದು ಬಿಸಿಲಲ್ಲಿ ನಿಲ್ಲಬೇಕು, ಹಾಸಿಗೆಯಲ್ಲಿ ಮಲಗಿ ಬೆರಳು ಆಡಿಸಿದರೆ ಬರುವುದಿಲ್ಲ.

ಇದರ ಜೊತೆಗೆ ಇನ್ನೊಂದು. ಆಟದ ವಿಡಿಯೊ ತುಣುಕನ್ನು ಯಾರಿಗೆ ಕಳಿಸಿದರೂ ‘ಇದು ಆಟ’ ಎಂದು ಬರೆದೇ ಕಳಿಸಬೇಕು. 2025ರ ಮೇ ತಿಂಗಳಲ್ಲಿ ಭಾರತ ಪಾಕಿಸ್ತಾನದ ನಡುವೆ ಸಂಘರ್ಷ ನಡೆದ ದಿನಗಳಲ್ಲಿ ವಿಡಿಯೊ ಗೇಮ್‌ಗಳ ದೃಶ್ಯಗಳನ್ನೇ ನಿಜವಾದ ಯುದ್ಧವೆಂದು ಹರಡಿದರು. ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಅವು ಸುಳ್ಳು ಎಂದು ಹೇಳಬೇಕಾಯಿತು. ಗಡಿಯಲ್ಲಿ ಮಗನನ್ನು ಬಿಟ್ಟ ತಾಯಿ ಅಂಥ ವಿಡಿಯೊ ನೋಡಿದರೆ ಆಕೆಯ ಗತಿ ಏನು, ಯೋಚಿಸಿ. ಆ ದಿನಗಳಲ್ಲಿ ನಾವು ಆಟವನ್ನೇ ಆಡಲಿಲ್ಲ. ಯಾರೂ ಹೇಳಿರಲಿಲ್ಲ, ಯಾರಿಗೂ ಮನಸ್ಸಾಗಲಿಲ್ಲ.

ನಿಯಮ 4: ವಯಸ್ಸು ನಿಜ ಹೇಳಿ, ದುಡ್ಡು ಬೇಡ

2021ರಲ್ಲಿ ಆಟ ಬಂದಾಗಲೇ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಎಂಬ ಮಿತಿ ಇಟ್ಟಿದ್ದರು. ಪೋಷಕರ ಫೋನ್ ನಂಬರನ್ನೂ ಕೇಳುತ್ತಿದ್ದರು. ನಾನು ಮೊದಲು ಸುಳ್ಳು ವಯಸ್ಸು ಹಾಕಿದ್ದೆ. ಆಮೇಲೆ ಅಬ್ಬಾಗೆ ಹೇಳಿ, ಅವರ ನಂಬರ್ ಕೊಟ್ಟು ಹೊಸ ಖಾತೆ ತೆರೆದೆ. ಹಳೆಯ ಖಾತೆಯ ಅಂಕಗಳೆಲ್ಲ ಹೋದವು. ನೀವೂ ಹಾಗೇ ಮಾಡಬೇಕು. ನಮ್ಮ ಕ್ಲಾನ್‌ನ ಮಿತಿ ಇನ್ನೂ ಕಡಿಮೆ: ದಿನಕ್ಕೆ ಎರಡು ಪಂದ್ಯ, ಪರೀಕ್ಷೆಯ ತಿಂಗಳಲ್ಲಿ ಒಂದೂ ಇಲ್ಲ.

ದುಡ್ಡಿನ ವಿಷಯವನ್ನು ವಾಣಿಜ್ಯ ವಿದ್ಯಾರ್ಥಿಯಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲವರು ತಾವೇ ರೂಮ್ ಮಾಡಿ, ತಲೆಗೆ 20 ರೂಪಾಯಿ ಕಟ್ಟಿಸಿಕೊಂಡು, ಗೆದ್ದವರಿಗೆ ಕೊಡುತ್ತೇವೆ ಎನ್ನುತ್ತಾರೆ. ಅದು ಬಾಜಿ. 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಕಲಂ ಪ್ರಕಾರ ಬಾಜಿಯ ಒಪ್ಪಂದ ಅಸಿಂಧು. ಅದೇ ಕಾಯ್ದೆಯ 11ನೇ ಕಲಂ ಪ್ರಕಾರ 18 ತುಂಬದವರು ಒಪ್ಪಂದ ಮಾಡಿಕೊಳ್ಳಲು ಅರ್ಹರೇ ಅಲ್ಲ. ಎಂದರೆ ಗೆದ್ದರೂ ನೀವು ಯಾರನ್ನೂ ಕೇಳುವ ಹಾಗಿಲ್ಲ. ಇದಲ್ಲದೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು. ಅದು ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಡುತ್ತದೆ, ಆದರೆ ದುಡ್ಡು ಕಟ್ಟಿ ಆಡಿಸುವ ಆಟಗಳನ್ನು ನಿಷೇಧಿಸುತ್ತದೆ. ಅಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಮನೆಯಲ್ಲಿ ದಾದಿಗೆ ಇದನ್ನೆಲ್ಲ ಓದಿ ಹೇಳಿದಾಗ, “ಜುವಾ ಅಂದ್ರೆ ಜುವಾ, ಅದಕ್ಕೆ ಇಷ್ಟು ಪುಸ್ತಕ ಬೇಕಾ?” ಅಂದರು.

ನಮ್ಮ ಕ್ಲಾನ್‌ನ ನಗದು ಪುಸ್ತಕದಲ್ಲಿ ಎರಡೂ ಬದಿ ಖಾಲಿ. ಯಾವಾಗ ನೋಡಿದರೂ ತಾಳೆಯಾಗುತ್ತದೆ.

ನಿಯಮ 5: ‘ಮನೆ’ ಎಂದರೆ ಮನೆ

ಇದು ಕೊನೆಯದು, ಆದರೆ ಎಲ್ಲಕ್ಕಿಂತ ದೊಡ್ಡದು.

ಕಳೆದ ಚಳಿಗಾಲದ ಒಂದು ಸಂಜೆ. ಅಮ್ಮಿ ಪಕ್ಕದ ಮನೆಗೆ ಹೋಗಿದ್ದರು. ಒಳಗಿನ ಕೋಣೆಯಲ್ಲಿ ದಾದಿ ಮಲಗಿದ್ದರು. ನಮ್ಮ ಪಂದ್ಯ ಕೊನೆಯ ವೃತ್ತಕ್ಕೆ ಬಂದಿತ್ತು, ಆರು ಮಂದಿ ಮಾತ್ರ ಉಳಿದಿದ್ದರು. ದಾದಿ “ಬೇಟಾ, ಪಾನಿ” ಎಂದು ಕರೆದರು. ಕೇಳಿಸಿತು. “ಏಕ್ ಮಿನಿಟ್” ಅಂದೆ. ಇನ್ನೊಮ್ಮೆ ಕರೆದರು. ನಾನು ಎದ್ದರೆ ಮೂವರು ಸೋಲುತ್ತಾರೆ, ನನ್ನನ್ನು ಏನಂದುಕೊಳ್ಳುತ್ತಾರೋ ಎಂದು ಏಳಲಿಲ್ಲ. ಪಂದ್ಯ ಮುಗಿಸಿ ಹೆಡ್‌ಫೋನ್ ತೆಗೆದು ಹೋದಾಗ ದಾದಿ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಗೋಡೆ ಹಿಡಿದುಕೊಂಡು ಒಬ್ಬರೇ ಬಂದಿದ್ದಾರೆ, ಚೊಂಬು ಕೈಜಾರಿದೆ, ನೀರಿನಲ್ಲಿ ಕಾಲು ಜಾರಿದೆ. ಏಟಾಗಿರಲಿಲ್ಲ, ಅಲ್ಲಾಹನ ದಯೆ. ಬಟ್ಟೆ ಮಾತ್ರ ಒದ್ದೆಯಾಗಿತ್ತು. ನನ್ನನ್ನು ನೋಡಿ ಬೈಯಲಿಲ್ಲ. “ಜೀತ್ಯಾ ಕ್ಯಾ ಬೇಟಾ?” ಎಂದು ಕೇಳಿದರು, ಗೆದ್ದೆಯಾ ಮಗಾ ಅಂತ.

ಗೆದ್ದಿದ್ದೆವು. ಆದರೆ ಹೇಳಲು ಬಾಯಿ ಬರಲಿಲ್ಲ.

ಮರುದಿನ ಕ್ಲಾನ್‌ನವರಿಗೆ ನಡೆದದ್ದನ್ನು ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಒಬ್ಬ ಅಪ್ಪ ರೇಷ್ಮೆಗೂಡಿನ ಮೂಟೆ ಇಳಿಸಲು ಕರೆದಾಗ ಹೋಗಿರಲಿಲ್ಲ. ಇನ್ನೊಬ್ಬ ಅಳುವ ತಮ್ಮನನ್ನು ಕೋಣೆಯಿಂದ ಹೊರಗೆ ಹಾಕಿ ಚಿಲಕ ಹಾಕಿದ್ದ. ಎಲ್ಲರೂ ಹೇಳಿದ ಕಾರಣ ಒಂದೇ: ತಂಡಕ್ಕೆ ಮೋಸವಾಗುತ್ತದೆ ಎಂಬ ಭಯ. ಎಂದರೆ ನಾವು ನಾಲ್ವರೂ ಒಬ್ಬರಿಗೊಬ್ಬರು ಹೆದರಿ ಕೂತಿದ್ದೆವು, ಬೇಡ ಎಂದು ಯಾರೂ ಹೇಳಿರಲಿಲ್ಲ.

ಅಂದೇ ಈ ನಿಯಮ ಮಾಡಿದೆವು. ಮನೆಯಲ್ಲಿ ಯಾರಾದರೂ ಕರೆದರೆ, ಬಾಗಿಲು ಬಡಿದರೆ, ಅಜಾನ್ ಆದರೆ, ದೀಪ ಹಚ್ಚುವ ಹೊತ್ತಿಗೆ ಅಮ್ಮ ಕೂಗಿದರೆ, ಮೈಕ್‌ನಲ್ಲಿ “ಮನೆ” ಎಂದು ಒಂದೇ ಮಾತು ಹೇಳಿ ಎದ್ದು ಹೋಗಬೇಕು. ಉಳಿದವರು ಯಾಕೆ ಎಂದು ಕೇಳಬಾರದು, ಆಮೇಲೂ ಕೇಳಬಾರದು. ಪಂದ್ಯ ಸೋತರೆ ಸೋಲಲಿ. ನಡುವೆ ಬಿಟ್ಟು ಹೋದರೆ ಆಟ ನಿಮ್ಮ ಮೆರಿಟ್ ಅಂಕ ಕಡಿಮೆ ಮಾಡುತ್ತದೆ. ಮಾಡಿಕೊಳ್ಳಲಿ. ನಮ್ಮ ಲೆಕ್ಕದಲ್ಲಿ ಅದು ಕಡಿಮೆಯಾಗುವುದಿಲ್ಲ.

ಈ ನಿಯಮ ಬಂದ ಮೇಲೆ ನಾವು ಮೊದಲಿಗಿಂತ ಹೆಚ್ಚು ಸೋಲುತ್ತಿದ್ದೇವೆ, ಅದು ನಿಜ. ಆದರೆ ಪಂದ್ಯ ಶುರು ಮಾಡುವ ಮುಂಚೆಯೇ ಎಲ್ಲರೂ ಮನೆಯವರನ್ನು ಕೇಳುವ ಅಭ್ಯಾಸವಾಗಿದೆ: ಅರ್ಧ ಗಂಟೆ ನನ್ನಿಂದ ಏನಾದರೂ ಕೆಲಸ ಇದೆಯಾ? ನಾನು ದಾದಿಯ ಪಕ್ಕ ತುಂಬಿದ ಚೊಂಬು ಇಟ್ಟು, ಕೇಳಿ, ಆಮೇಲೆ ಕೂರುತ್ತೇನೆ. ಹೆಡ್‌ಫೋನ್ ಒಂದೇ ಕಿವಿಗೆ.

ಈ ಐದು ನಿಯಮಗಳು ಒಪ್ಪಿಗೆಯಾದರೆ ಬನ್ನಿ. ಬರುವಾಗ ನಿಮ್ಮ ಅಬ್ಬಾ ಅಥವಾ ಅಪ್ಪ, ಅಮ್ಮಿ ಅಥವಾ ಅಮ್ಮ, ಯಾರಾದರೊಬ್ಬರಿಗೆ ಇದನ್ನು ಓದಿ ಹೇಳಿ ಬನ್ನಿ. ಅವರು ಹೂಂ ಅಂದರೆ ನಮ್ಮ ಕಡೆಯಿಂದಲೂ ಹೂಂ.

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)