ಮೊದಲ ಪೀಸ್ ನೋಡುವವರು ಯಾರು?

2018ರ ಫೆಬ್ರುವರಿ 1ರಿಂದ ದೇಶದ ಸರಕು ಲಾರಿಗಳು ಇ-ವೇ ಬಿಲ್ ಎಂಬ ಆನ್‌ಲೈನ್ ಸಾಗಣೆ ಪತ್ರ ಹಿಡಿದೇ ರಸ್ತೆಗಿಳಿಯಬೇಕಿತ್ತು. ಮೊದಲ ದಿನವೇ ವ್ಯವಸ್ಥೆ ಕೈಕೊಟ್ಟಿತು. ಎಲ್ಲ ರಾಜ್ಯಗಳಿಂದ ಒಮ್ಮೆಗೇ ಬಂದ ಒತ್ತಡ ತಾಳದೆ ಪೋರ್ಟಲ್ ತಡವರಿಸಿತು, ಜಾರಿಯನ್ನು ಮುಂದೂಡಬೇಕಾಯಿತು. ಎರಡು ತಿಂಗಳ ನಂತರ ಮತ್ತೆ ಹೊರಟಾಗ ಹಿಡಿದ ದಾರಿ ಬೇರೆ. ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಎಲ್ಲೆಡೆ ಕಡ್ಡಾಯ. ರಾಜ್ಯದೊಳಗಿನ ಸಾಗಣೆಗೆ ಮಾತ್ರ ಒಂದೇ ರಾಜ್ಯ, ಅದು ಕರ್ನಾಟಕ. ಏಪ್ರಿಲ್ 15ರಂದು ಆಂಧ್ರ, ಗುಜರಾತ್, ಕೇರಳ, ತೆಲಂಗಾಣ, ಉತ್ತರ ಪ್ರದೇಶಗಳು ಸೇರಿಕೊಂಡವು. ಹೀಗೆ ಕಂತುಕಂತಾಗಿ ಜೂನ್ ಮಧ್ಯದ ಹೊತ್ತಿಗೆ ಇಡೀ ದೇಶ ಅದರೊಳಗೆ ಬಂತು.

ಕರ್ನಾಟಕವೇ ಏಕೆ ಮೊದಲು? ಆ ತಂತ್ರಾಂಶ ಬರೆದದ್ದು ರಾಷ್ಟ್ರೀಯ ಮಾಹಿತಿ ಕೇಂದ್ರದ ಕರ್ನಾಟಕ ಘಟಕ. 2017ರ ಸೆಪ್ಟೆಂಬರ್‌ನಿಂದಲೇ ಇಲ್ಲಿ ಅದರ ಪ್ರಯೋಗ ನಡೆದಿತ್ತು. ವ್ಯಾಟ್ ಕಾಲದ 'ಇ-ಸುಗಮ್' ಪದ್ಧತಿ ರೂಢಿಯಾಗಿದ್ದ ಇಲ್ಲಿನ ವರ್ತಕರಿಗೆ ಇದು ತೀರಾ ಅಪರಿಚಿತವೂ ಆಗಿರಲಿಲ್ಲ. ಬಳಸುವವರು ಪಕ್ಕದಲ್ಲೇ ಇದ್ದರು, ಬರೆಯುವವರೂ ಪಕ್ಕದಲ್ಲೇ ಇದ್ದರು. ಸ್ವಲ್ಪ ಮಾಡು, ಬಳಸುವವರ ಕೈಗೆ ಕೊಡು, ತಿದ್ದು, ಮುಂದಕ್ಕೆ ಹೋಗು. ಸಾಫ್ಟ್‌ವೇರ್ ಜಗತ್ತು ಅಜೈಲ್ ಎನ್ನುವ ಈ ಕ್ರಮ ಹೊರಗಿನವರಿಂದ ಮಾಡಿಸುವ ಕೆಲಸಕ್ಕೂ ಒಗ್ಗುತ್ತದೆಯೇ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿ ದೊಡ್ಡ ಚರಿತ್ರೆಯೇ ಇದೆ.

ಚರಿತ್ರೆ ಕಂಪ್ಯೂಟರಿಗಿಂತ ಹಿಂದಿನದು. ತುಮಕೂರು ರಸ್ತೆಯಿಂದ ಹೆಸರಘಟ್ಟ ರಸ್ತೆಗೆ ತಿರುಗಿದರೆ ಸಿಗುವ ಬಾಗಲಗುಂಟೆ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಬೆಳೆದ ಊರು. ಅಲ್ಲಿನ ಎಂಇಐ ಬಡಾವಣೆಯ ಹೆಸರಿನಲ್ಲೇ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಇದೆ. ಜಾಲಹಳ್ಳಿಗೆ 1953ರಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು. ಬೇಕಾದ ಬಿಡಿಭಾಗಗಳನ್ನೆಲ್ಲ ತಾವೇ ಮಾಡಿಕೊಳ್ಳುವುದು ದೊಡ್ಡ ಕಾರ್ಖಾನೆಗಳಿಗೆ ಆಗದು. ಹೊರಗೆ ಕೊಟ್ಟು ಮಾಡಿಸುವ ಪದ್ಧತಿ ಬೆಳೆಯಿತು. 1970ರ ದಶಕದಿಂದ ಪೀಣ್ಯದ ಶೆಡ್ಡುಗಳು ತುಂಬುತ್ತ ಹೋದಂತೆ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಮಾಡುವ ಸಣ್ಣ ಘಟಕಗಳಿಗೆ ಜಾಬ್ ವರ್ಕೇ ಉಸಿರಾಯಿತು.

ಅಲ್ಲಿ ಕೆಲಸದ ಕ್ರಮ ಎಲ್ಲರಿಗೂ ಗೊತ್ತು. ದೊಡ್ಡ ಕಂಪನಿಯಿಂದ ಡ್ರಾಯಿಂಗ್ ಬರುತ್ತದೆ, ಪರ್ಚೇಸ್ ಆರ್ಡರ್ ಬರುತ್ತದೆ. ಆದರೆ ಆರ್ಡರ್ ಬಂತೆಂದು ಯಾರೂ ಸಾವಿರ ಪೀಸ್ ಕತ್ತರಿಸಿ ಕೂರುವುದಿಲ್ಲ. ಮೊದಲ ಪೀಸ್ ಮಾಡಿ, ಮೈಕ್ರೋಮೀಟರ್ ಹಿಡಿದು ಅಳೆದು, ಗ್ರಾಹಕರ ಇನ್‌ಸ್ಪೆಕ್ಟರ್ ಒಪ್ಪಿದ ಮೇಲೆಯೇ ಉಳಿದದ್ದು. ಒಪ್ಪಿಗೆಯಿಲ್ಲದೆ ಹೊರಟ ಲಾಟ್ ರಿಜೆಕ್ಷನ್ ಆಗಿ ಮರಳಿದರೆ ಘಟಕದ ತಿಂಗಳ ಸಂಪಾದನೆಯೇ ಹೋದೀತು.

ಸಾಫ್ಟ್‌ವೇರ್ ಹೊರಗುತ್ತಿಗೆ ಬೆಂಗಳೂರಿಗೆ ಬಂದಾಗ ಕಳೆದುಹೋದದ್ದು ಈ ಮೊದಲ ಪೀಸ್.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಕೆಲಸ ಕಳಿಸತೊಡಗಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ಬಂದ ಮೇಲೆ ಅಂಥ ಸಂಪರ್ಕ ಸಣ್ಣ ಕಂಪನಿಗಳಿಗೂ ಎಟುಕಿತು. ವೈಟುಕೆ ಭಯದ ವರ್ಷಗಳಲ್ಲಿ ಕೆಲಸ ರಾಶಿರಾಶಿಯಾಗಿ ಹರಿಯಿತು. ಒಪ್ಪಂದಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಎಷ್ಟು ಜನ, ಎಷ್ಟು ಗಂಟೆ ದುಡಿದರೋ ಅಷ್ಟಕ್ಕೆ ಬಿಲ್. ಇನ್ನೊಂದರಲ್ಲಿ ಇಡೀ ಕೆಲಸಕ್ಕೆ ಒಂದೇ ಮೊತ್ತ. ಈ ಎರಡನೆಯದರಲ್ಲಿ ಬೇಕುಗಳನ್ನೆಲ್ಲ ದಪ್ಪ ಕಡತದಲ್ಲಿ ಬರೆದು, ಎರಡೂ ಕಡೆಯವರು ಸೈನ್-ಆಫ್ ಮಾಡಿ, ತಿಂಗಳುಗಟ್ಟಲೆ ಕೋಡ್ ಬರೆದು, ಕೊನೆಗೊಮ್ಮೆ ಗ್ರಾಹಕರಿಗೆ ತೋರಿಸುವುದು. ಅಷ್ಟರಲ್ಲಿ ಗ್ರಾಹಕರ ವ್ಯವಹಾರವೇ ಬದಲಾಗಿರುತ್ತಿತ್ತು. ಬದಲಾವಣೆ ಕೇಳಿದರೆ ಅದಕ್ಕೊಂದು ಚೇಂಜ್ ರಿಕ್ವೆಸ್ಟ್, ಅದಕ್ಕೆ ಬೇರೆ ದರ. ಬೇಕೆಂದವರೂ ಬರೆದವರೂ ಒಮ್ಮೆಯೂ ಎದುರುಬದುರು ಕೂರದೆ ಯೋಜನೆ ಮುಗಿದುಹೋಗುವುದೂ ಇತ್ತು.

ಹಂತದ ಮೇಲೆ ಹಂತವಾಗಿ ಸಾಗುವ ಈ ಕ್ರಮಕ್ಕೆ ಆಧಾರವಾಗಿ ಅಮೆರಿಕದ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು ಉಲ್ಲೇಖಿಸುವುದು ವಾಡಿಕೆ. ಆದರೆ ಪರೀಕ್ಷೆಯನ್ನು ಕೊನೆಗಿಡುವ ಆ ಸರಳ ಕ್ರಮ ಅಪಾಯಕಾರಿ, ಸೋಲನ್ನು ಕರೆತರುತ್ತದೆ ಎಂದು ಅದೇ ಪ್ರಬಂಧದಲ್ಲಿ ರಾಯ್ಸ್ ಎಚ್ಚರಿಸಿದ್ದರು. ಗ್ರಾಹಕರನ್ನು ನಡುನಡುವೆ ಒಳಗೆ ಕರೆದುಕೊಳ್ಳಿ ಎಂಬ ಸಲಹೆಯೂ ಅದರಲ್ಲೇ ಇದೆ. ಪ್ರಬಂಧದಲ್ಲಿದ್ದ ಹಂತಗಳ ಚಿತ್ರವನ್ನಷ್ಟೇ ಎತ್ತಿಕೊಂಡ ಉದ್ಯಮ ಎಚ್ಚರಿಕೆಯನ್ನು ಅಲ್ಲೇ ಬಿಟ್ಟಿತು.

2001ರ ಫೆಬ್ರುವರಿಯಲ್ಲಿ ಯೂಟಾ ರಾಜ್ಯದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ಪರಿಣತರು ಸೇರಿ ಅಜೈಲ್ ಪ್ರಣಾಳಿಕೆ ಹೊರಡಿಸಿದರು. ಒಪ್ಪಂದದ ಚೌಕಾಸಿಗಿಂತ ಗ್ರಾಹಕರ ಜೊತೆ ಕೂಡಿ ದುಡಿಯುವುದಕ್ಕೆ ಹೆಚ್ಚು ಬೆಲೆ ಎಂಬುದು ಅದರ ನಾಲ್ಕು ಮೌಲ್ಯಗಳಲ್ಲೊಂದು. ಆ 17 ಮಂದಿಯಲ್ಲಿ ಮಾರ್ಟಿನ್ ಫೌಲರ್ ಒಬ್ಬರು. ಅವರಿದ್ದ ಶಿಕಾಗೊ ಮೂಲದ ಥಾಟ್‌ವರ್ಕ್ಸ್ ಕಂಪನಿ ಅದೇ ವರ್ಷ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಮಾಡಬೇಕಾದ ಕೆಲಸವನ್ನು ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆಗಳ ಅಂತರದಲ್ಲಿರುವ ಎರಡು ಊರುಗಳ ನಡುವೆ ಮಾಡಿ ನೋಡುವ ಸಾಹಸ ಅದು.

ಆ ವರ್ಷಗಳ ಅನುಭವವನ್ನು ಫೌಲರ್ ಒಂದು ದೀರ್ಘ ಲೇಖನದಲ್ಲಿ ಬರೆದು, 2006ರಲ್ಲಿ ಪರಿಷ್ಕರಿಸಿದರು. ವೆಂಡರ್‌ಗಳ ಜೊತೆ ದುಡಿಯುವ ಯಾರೇ ಆದರೂ ಇಂದಿಗೂ ಓದಬೇಕಾದದ್ದು ಅದು. ಎರಡೂ ಊರಿನವರು ಬರೆದ ಕೋಡ್ ಒಂದೇ ಕಡೆ ಸೇರಿ, ಮತ್ತೆಮತ್ತೆ ಪರೀಕ್ಷೆಗೊಳಗಾಗಬೇಕು. ಇಲ್ಲವಾದರೆ ಬೆಂಗಳೂರಿನ ತಪ್ಪು ಶಿಕಾಗೊಗೆ ವಾರಗಳಾದ ಮೇಲೆ ಗೊತ್ತಾಗುತ್ತದೆ. ಒಂದು ಕಡೆಯ ಒಬ್ಬರು ಇನ್ನೊಂದು ಕಡೆ ತಿಂಗಳುಗಟ್ಟಲೆ ರಾಯಭಾರಿಯಂತೆ ಇರಬೇಕು. ಮುಖ ನೋಡಿ ಮಾತಾಡಿದವರ ನಡುವೆ ಮಾತ್ರ ಫೋನಿನ ಮಾತು ಸರಿಯಾಗಿ ನಡೆಯುತ್ತದೆ ಎಂಬುದು ಅಲ್ಲಿನ ಅನುಭವ. ವಿನ್ಯಾಸ ಅಲ್ಲಿ, ಕೋಡಿಂಗ್ ಇಲ್ಲಿ, ಪರೀಕ್ಷೆ ಮತ್ತೊಂದೆಡೆ ಎಂದು ಕೆಲಸದ ಬಗೆಯಿಂದ ಸೀಳಬಾರದು. ಒಂದು ಪೂರ್ಣ ಸೌಲಭ್ಯವನ್ನು ಮೊದಲಿಂದ ಕೊನೆಯವರೆಗೆ ಒಂದೇ ತಂಡಕ್ಕೆ ಒಪ್ಪಿಸಬೇಕು. ಈ ಕೊನೆಯ ಮಾತು ಬೆಂಗಳೂರಿಗೆ ಬಹಳ ಮುಖ್ಯ. ಬರೆದುಕೊಟ್ಟದ್ದನ್ನು ಮಾಡುವವರು ಎಂಬ ಪಟ್ಟದಿಂದ ಇಲ್ಲಿನ ಇಂಜಿನಿಯರ್‌ಗಳು ಹೊರಬರಲು ದಾರಿ ತೋರಿದ್ದು ಅದೇ.

ಸಂಸ್ಕೃತಿಯ ಮಾತನ್ನೂ ಫೌಲರ್ ಬಿಡಲಿಲ್ಲ. ಮೇಲಿನವರಿಗೆ ಆಗುವುದಿಲ್ಲ ಎನ್ನಲು ಹಿಂಜರಿಯುವ ವಾತಾವರಣದಲ್ಲಿ ಬೆಳೆದವರು ಸ್ಟ್ಯಾಂಡ್-ಅಪ್ ಸಭೆಯಲ್ಲಿ ಅಡಚಣೆಯನ್ನು ಬಾಯಿಬಿಟ್ಟು ಹೇಳಲು ಸಮಯ ಬೇಕು. ಇದನ್ನು ಇಲ್ಲಿನವರ ಕುಂದೆಂದು ತಳ್ಳಿಬಿಡುವುದು ಅನ್ಯಾಯ. ತಡವಾದರೆ ದಂಡ ಎಂದು ಒಪ್ಪಂದದಲ್ಲೇ ಬರೆದಿದ್ದಾಗ, ತಡವಾಗುತ್ತದೆ ಎಂದು ಮೊದಲೇ ಹೇಳುವ ವೆಂಡರ್ ಯಾರಿದ್ದಾರು? ಬಾಯಿ ಕಟ್ಟಿದ್ದು ಎಷ್ಟೋ ಸಲ ಒಪ್ಪಂದವೇ.

ತೊಡಕು ಉಳಿದಿರುವುದೂ ಅಲ್ಲೇ. ಎರಡು ವಾರಕ್ಕೊಂದು ಸ್ಪ್ರಿಂಟ್ ಎಂಬ ಕೆಲಸದ ಸುತ್ತು ನಡೆಯುತ್ತದೆ, ಡೆಮೊ ನಡೆಯುತ್ತದೆ. ಆದರೆ ಡೆಮೊಗೆ ಕೂರಬೇಕಾದ ಗ್ರಾಹಕರ ಕಡೆಯ ವ್ಯಕ್ತಿಗೆ ನಿರ್ಧರಿಸುವ ಅಧಿಕಾರವಿಲ್ಲ, ಅಥವಾ ಬಿಡುವಿಲ್ಲ. ಏನು ಬೇಕೆಂದು ತೀರ್ಮಾನಿಸುವ ಪ್ರಾಡಕ್ಟ್ ಓನರ್ ಎಂಬ ಹುದ್ದೆಯನ್ನೂ ವೆಂಡರ್‌ಗೇ ವಹಿಸಿಬಿಟ್ಟರೆ, ಪೀಸ್ ಮಾಡಿದವರೇ ಪೀಸ್ ಪಾಸು ಮಾಡಿದಂತೆ. ಪೀಣ್ಯಕ್ಕೂ ಸಾಫ್ಟ್‌ವೇರಿಗೂ ಒಂದು ವ್ಯತ್ಯಾಸವೂ ಇದೆ. ಪೀಣ್ಯದಲ್ಲಿ ಮೊದಲ ಪೀಸ್ ಡ್ರಾಯಿಂಗಿಗೆ ಹೊಂದಬೇಕು. ಸಾಫ್ಟ್‌ವೇರಿನಲ್ಲಿ ಮೊದಲ ಪೀಸ್ ನೋಡಿದ ಮೇಲೆ ಡ್ರಾಯಿಂಗೇ ಬದಲಾಗಬಹುದು. ಅದನ್ನು ಬದಲಿಸುವವರು ಗ್ರಾಹಕರ ಕಡೆಯವರೇ ಆಗಿರಬೇಕು.

ಒಂದೇ ದಿನದಲ್ಲಿ ಎಲ್ಲವನ್ನೂ ಹೊಸದಕ್ಕೆ ವರ್ಗಾಯಿಸಿದರೆ ಏನಾಗಬಹುದೆಂದು 2021ರಲ್ಲಿ ದೇಶ ನೋಡಿತು. ಇನ್ಫೊಸಿಸ್ ರೂಪಿಸಿದ ಆದಾಯ ತೆರಿಗೆ ಪೋರ್ಟಲ್ ಜೂನ್ 7ರಂದು ಆರಂಭವಾಯಿತು. ಹಳೆಯದನ್ನು ಅದಕ್ಕೂ ಮೊದಲೇ ನಿಲ್ಲಿಸಲಾಗಿತ್ತು. ತೊಂದರೆಗಳು ತಿಂಗಳುಗಟ್ಟಲೆ ಮುಂದುವರಿದು, ಆಗಸ್ಟ್ 23ರಂದು ಹಣಕಾಸು ಸಚಿವೆ ಕಂಪನಿಯ ಮುಖ್ಯಸ್ಥರನ್ನು ಕರೆಸಿ ಸೆಪ್ಟೆಂಬರ್ 15ರ ಗಡುವು ಕೊಟ್ಟರು. ಅಮೆರಿಕಕ್ಕೆ ಇಂಥದೇ ಪೆಟ್ಟು ಬಿದ್ದದ್ದು 2013ರ ಅಕ್ಟೋಬರ್‌ನಲ್ಲಿ, ಆರೋಗ್ಯ ವಿಮೆಯ ಜಾಲತಾಣ ಮೊದಲ ದಿನವೇ ಕುಸಿದಾಗ. ಅದರ ನಂತರ ಅಲ್ಲಿ ಹುಟ್ಟಿದ 18ಎಫ್ ಎಂಬ ಸರ್ಕಾರಿ ತಂಡ 2015ರಲ್ಲಿ ಟೆಂಡರನ್ನೇ ಬದಲಿಸಿ ನೋಡಿತು. ದಪ್ಪ ಪ್ರಸ್ತಾವನೆಗಳ ಬದಲು, ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯ ಮುಕ್ತ ದತ್ತಾಂಶ ಬಳಸಿ ನಡೆಯುವ ಒಂದು ಮಾದರಿ ಕಟ್ಟಿ, ಕೋಡನ್ನು ಎಲ್ಲರಿಗೂ ಕಾಣುವಂತೆ ಇಡಲು ಕಂಪನಿಗಳಿಗೆ ಹೇಳಿತು. ಆಯ್ಕೆ ನಡೆದದ್ದು ಅದನ್ನು ನೋಡಿ.

ಬೆಂಗಳೂರಿನದೇ ದೊಡ್ಡ ಉದಾಹರಣೆ ಆಧಾರ್. ಅದನ್ನು ನೀಡುವ ವಿಶಿಷ್ಟ ಗುರುತಿನ ಪ್ರಾಧಿಕಾರದ ತಂತ್ರಜ್ಞಾನ ಕೇಂದ್ರ ಇಲ್ಲಿ ನೆಲೆಗೊಂಡಿತು. ಅಪ್ಲಿಕೇಶನ್ ತಂತ್ರಾಂಶದ ಗುತ್ತಿಗೆ 2010ರಲ್ಲಿ ಮೈಂಡ್‌ಟ್ರೀಗೆ ಹೋಯಿತು. ಒಬ್ಬರಿಗೇ ಎರಡು ಸಂಖ್ಯೆ ಸಿಗದಂತೆ ಬೆರಳಚ್ಚು, ಕಣ್ಪಾಪೆ ಹೋಲಿಸುವ ಕೆಲಸವನ್ನು ಮಾತ್ರ ಒಬ್ಬರ ಕೈಗೆ ಕೊಡಲಿಲ್ಲ. ಮೂರು ವೆಂಡರ್‌ಗಳು ಏಕಕಾಲಕ್ಕೆ ದುಡಿದರು, ನಿಖರತೆ ಮತ್ತು ವೇಗ ನೋಡಿ ಕೆಲಸದ ಪಾಲು ಹಂಚಲಾಯಿತು, ಹಣ ಪಾವತಿಯೂ ಮಾಡಿದ ಹೋಲಿಕೆಗಳ ಲೆಕ್ಕದಲ್ಲಿ. ಜಾಣ ಒಪ್ಪಂದವದು: ಒಬ್ಬ ವೆಂಡರ್‌ಗೆ ಕಟ್ಟುಬೀಳುವ ಭಯವಿಲ್ಲ, ಕಾಗದದ ಭರವಸೆಯ ಬದಲು ಕಣ್ಣೆದುರಿನ ಫಲಿತಾಂಶಕ್ಕೆ ಹಣ. ಮೊದಲ ಸಂಖ್ಯೆಗಳು 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ತೆಂಭ್ಲಿ ಎಂಬ ಹಳ್ಳಿಯ ಜನರಿಗೆ ಸಿಕ್ಕವು. ಆಧಾರ್ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2016ರ ಮಾರ್ಚ್‌ನಲ್ಲಿ. ಮರುತಿಂಗಳೇ ಸಂಖ್ಯೆಗಳು 100 ಕೋಟಿ ದಾಟಿದವು. 2018ರ ಸೆಪ್ಟೆಂಬರ್ 26ರಂದು ಸುಪ್ರೀಂ ಕೋರ್ಟ್ ಖಾಸಗಿ ಕಂಪನಿಗಳ ಬಳಕೆಗೆ ಅವಕಾಶ ಕೊಡುತ್ತಿದ್ದ ಭಾಗವನ್ನು ತೆಗೆದುಹಾಕಿತು. ಅದೇ ವರ್ಷ, ನಿಜವಾದ ಸಂಖ್ಯೆಯನ್ನು ಮರೆಮಾಡುವ ವರ್ಚುವಲ್ ಐಡಿ ಬಂತು. 2010ರ ಯಾವ ಬೇಡಿಕೆ ಪಟ್ಟಿಯಲ್ಲೂ ಇವನ್ನೆಲ್ಲ ಮುಂಗಂಡು ಬರೆದಿಡಲು ಸಾಧ್ಯವಿರಲಿಲ್ಲ.