ಹಳೆ ಟ್ರ್ಯಾಕ್ಟರ್ ಗೇರ್ ಬೀಳ್ತಿಲ್ಲವೇ? ಬಿಚ್ಚಿಸೋ ಮೊದಲು ಇಷ್ಟು ನೋಡ್ರಿ

ಆರಿದ್ರ ಮಳೆ ಬಿದ್ದು ಎರಡೇ ದಿನ ಆಗಿತ್ತು. ನಮ್ಮ ಇಜೇರಿ ಕಡೆ ಕರಿ ಭೂಮಿ, ಹಸಿ ಆರೋದ್ರೊಳಗೆ ತೊಗರಿ ಬಿತ್ತಬೇಕು. ಕೂರಿಗೆ ಕಟ್ಟಿ ಹೊಲಕ್ಕೆ ಹೋದ್ರೆ ಟ್ರ್ಯಾಕ್ಟರ್ ಗೇರ್ ಹಾಕಿದಾಗೆಲ್ಲ ಕರಕರ ಅಂತಿತ್ತು, ರಿವರ್ಸ್ ಅಂತೂ ಬೀಳ್ತಾನೇ ಇರಲಿಲ್ಲ. ನೋಡಿದವರೆಲ್ಲ "ಗೇರ್ ಬಾಕ್ಸ್ ಹೋಗ್ಯದ, ಬಿಚ್ಚಬೇಕು" ಅಂದ್ರು. ಬಿಚ್ಚಿದ್ರೆ ವಾರ ಹೋಗ್ತದ, ಬಿತ್ತನೆನೂ ಹೋಗ್ತದ.

ಆಗ ಮಾಡಿದ ಪರೀಕ್ಷೆ ಬಹಳ ಸರಳ. ಸಮ ಜಾಗದಾಗ ನಿಲ್ಲಿಸಿ, ಬ್ರೇಕ್ ಹಾಕಿ, ಗಾಲಿಗೆ ಕಲ್ಲು ಕೊಟ್ಟು ಎಂಜಿನ್ ಬಂದ್ ಮಾಡ್ರಿ. ಕ್ಲಚ್ ಒತ್ತಿ ಒಂದೊಂದೇ ಗೇರ್ ಹಾಕಿ ನೋಡ್ರಿ. (ಕೆಲವೊಮ್ಮೆ ಹಲ್ಲಿಗೆ ಹಲ್ಲು ಅಡ್ಡ ನಿಂತಿರ್ತದ, ಒಂದು ಗೇರ್ ಬೀಳದಿದ್ರೆ ಗಾಬರಿ ಬೇಡ, ಇನ್ನೊಂದು ಹಾಕ್ರಿ.) ಬಂದ್ ಇದ್ದಾಗ ಸಲೀಸಾಗಿ ಬಿದ್ದು, ಚಾಲೂ ಇದ್ದಾಗ ಮಾತ್ರ ಕರಕರ ಅಂದ್ರೆ ತಪ್ಪು ಬಹುತೇಕ ಕ್ಲಚ್ಚಿನದು: ಪೂರ್ತಿ ಬಿಡ್ತಿಲ್ಲ, ಗೇರ್ ಬಾಕ್ಸಿನ ಶಾಫ್ಟ್ ತಿರುಗ್ತಾನೇ ಅದ. ಬಂದ್ ಇದ್ದಾಗಲೂ ಗಟ್ಟಿ ಅಂದ್ರೆ ಲಿವರ್ ಅಥವಾ ಒಳಗಿನ ಫೋರ್ಕ್ ನೋಡಬೇಕು. ಹಾಕಿದ ಗೇರ್ ಭಾರ ಬಿದ್ದಾಗ ತಾನೇ ಹಾರಿ ಬಂದ್ರೆ ಹಲ್ಲು ಸವೆದಿರಬಹುದು, ಇಲ್ಲ ಗೇರ್ ಹಿಡಿದಿಡೋ ಗುಂಡು-ಸ್ಪ್ರಿಂಗ್ ಸೋತಿರಬಹುದು. ಅದು ಮೆಕ್ಯಾನಿಕ್ ಕೆಲಸ.

ನಮ್ಮದು ಕ್ಲಚ್ಚೇ. ಪೆಡಲ್ ಕೈಯಿಂದ ಒತ್ತಿದ್ರೆ ಅರ್ಧಕ್ಕೂ ಹೆಚ್ಚು ಸುಮ್ನೆ ಕೆಳಗೆ ಹೋಗ್ತಿತ್ತು. ಈ ಖಾಲಿ ಆಟ ಸಾಮಾನ್ಯವಾಗಿ ಒಂದಂಗುಲದ ಆಸುಪಾಸು ಇರ್ತದ, ನಿಮ್ಮ ಗಾಡಿಯ ಪುಸ್ತಕದಾಗ ಬರೆದ ಅಳತೆಯೇ ಸರಿ. ಕೆಳಗೆ ಬಗ್ಗಿ ನೋಡಿದ್ರೆ ರಾಡಿನ ಪಿನ್ ಸವೆದು ತೂತೇ ಅಗಲ ಆಗಿತ್ತು. ಜೇವರ್ಗಿಯಿಂದ ಹೊಸ ಪಿನ್ ತಂದು ಹಾಕಿದ್ವಿ. ಮಧ್ಯಾಹ್ನಕ್ಕೆ ಬಿತ್ತನೆ ಶುರು.

ಇಲ್ಲಿಗೆ ಮುಗಿದಿದ್ರೆ ಚಲೋ ಇತ್ತು. ಇನ್ನಷ್ಟು ಗಟ್ಟಿ ಇರಲಿ ಅಂತ ನಾನೇ ರಾಡಿನ ನಟ್ಟು ತಿರುವಿ ಖಾಲಿ ಆಟ ಪೂರ್ತಿ ತೆಗೆದೆ. ಅದೇ ದೊಡ್ಡ ತಪ್ಪು. ಪೆಡಲಿನ ಮೇಲೆ ಸದಾ ಕಾಲಿಟ್ಟಂಗೆ ಆಯ್ತು, ಪ್ಲೇಟ್ ಪೂರ್ತಿ ಹಿಡೀದೆ ಜಾರತೊಡಗ್ತು. ಎರಡು ವಾರಕ್ಕೆ ಟ್ರಾಲಿ ಎಳೀವಾಗ ಎಂಜಿನ್ ಕೂಗ್ತಿತ್ತು, ಗಾಡಿ ಮುಂದೆ ಹೋಗ್ತಿರಲಿಲ್ಲ, ಸುಟ್ಟ ವಾಸನೆ. ಕಡೀಗೆ ಟ್ರ್ಯಾಕ್ಟರ್ ಎರಡು ಭಾಗ ಮಾಡಿ ಪ್ಲೇಟ್ ಬದಲಿಸಬೇಕಾಯ್ತು. ಬಿತ್ತನೆಗೆ ಉಳಿಸಿದ ರೊಕ್ಕ, ದಿನ ಎರಡೂ ಅಲ್ಲೇ ಹೋದವು. ಪ್ಲೇಟ್ ಸವೆದಂಗೆ ಈ ಆಟ ತಾನೇ ಕಮ್ಮಿ ಆಗ್ತಾ ಬರ್ತದ, ಅದಕ್ಕೇ ಆಗಾಗ ಅಳೀಬೇಕು.

ಹಳೆ ಟ್ರ್ಯಾಕ್ಟರಿಗೆ ಕಾರಿನಂಗೆ ಓಡ್ತಾ ಗೇರ್ ಬದಲಿಸಬೇಡ್ರಿ. ನಿಲ್ಲಿಸಿ, ಕ್ಲಚ್ ಒತ್ತಿ, ಮೂರ್ನಾಲ್ಕು ಸೆಕೆಂಡ್ ತಡೆದು ಹಾಕ್ರಿ. ಆಯಿಲ್ ಹಾಲಿನಂಗೆ ಬೆಳ್ಳಗಾಗಿದ್ರೆ ನೀರು ಸೇರ್ಯದ, ಬದಲಿಸ್ರಿ. ಕಬ್ಬಿಣದ ಚೂರು ಮಿಂಚಿದ್ರೆ ಗಾಡಿ ಓಡಿಸಬೇಡ್ರಿ, ಮೆಕ್ಯಾನಿಕ್ಕನ್ನು ಹೊಲಕ್ಕೇ ಕರೀರಿ.